ಬಟನ್ ಮೇಲೆ ಏಲಕ್ಕಿ ಕುಟ್ಟೋ ಕಲ್ಲು

ರೀ,

ನಾನು ಆರ್‌ಪಿಸಿ ಲೇಔಟ್‌ಗೆ, ಅಕ್ಕನ ಮನೆಗೆ ಹೊರಟೆ. ಆಟೋ ಬಂದು ನಿಂತಿದೆ.

ನೀವು ಆ ಕಾರು ಓಡಿಸೋ ಆಟ ಹಾಗೇ ಬಿಟ್ಟು ವಾಕಿಂಗ್ ಹೋಗಿದ್ರಿ. ಕಂಪ್ಯೂಟರ್ ಆಫ್ ಮಾಡೋಣ ಅಂತ ಏನೋ ಒತ್ತಿದೆ, ಕಾರು ರೆಕ್ಕೆ ಬಿಚ್ಕೊಂಡು ಹಾರಿಬಿಡ್ತು! ಬೆರಳು ತೆಗೆದ್ರೆ ಬೀಳುತ್ತೆ, ಒತ್ತಿದ್ರೆ ಇನ್ನೂ ಮೇಲೆ ಹೋಗುತ್ತೆ. ಇಳಿಸೋದು ಹೇಗೋ ಗೊತ್ತಾಗ್ಲಿಲ್ಲ. ಬಿದ್ರೆ ನಿಮ್ಮ ಮುಖ ನೋಡೋಕಾಗಲ್ಲ ಅಂತ ಆ ಬಟನ್ ಮೇಲೆ ಏಲಕ್ಕಿ ಕುಟ್ಟೋ ಕಲ್ಲು ಇಟ್ಟಿದೀನಿ. ಮೊದಲು ಕೂತ್ಕೊಳ್ಳಿ, ಆಮೇಲೆ ಕಲ್ಲು ತೆಗೀರಿ.

ಸಾರು ಬಿಸಿ ಮಾಡ್ಕೊಳ್ಳಿ. ಮೊಸರು ಫ್ರಿಜ್ಜಲ್ಲಿದೆ.

ಒಂದು ಮಾತ್ರ ನಂಗೆ ಅರ್ಥವಾಗ್ತಿಲ್ಲ. ಅಲ್ಲಿ ಆಟದಲ್ಲಿ ದಿನಾ ಮೋಡದಿಂದ ಬಿದ್ದು ಕಾರು ನುಜ್ಜುಗುಜ್ಜಾದ್ರೂ ನಗ್ತಾ ಮತ್ತೆ ಓಡಿಸ್ತೀರ. ಇಲ್ಲಿ ಯುಗಾದಿ ದಿನ ನಮ್ಮ ಗೇಟಿಗೆ ಒಂಚೂರು ತಾಗಿದ್ದಕ್ಕೆ ಕಾರಿಗೆ ಕವರ್ ಹಾಕಿದೋರು ಇನ್ನೂ ತೆಗೆದಿಲ್ಲ. ಆಯುಧಪೂಜೆಗೂ ಕವರ್ ಮೇಲೇ ಕುಂಕುಮ ಇಟ್ರಿ! ಎರಡರಲ್ಲಿ ನಿಜವಾದ ಕಾರು ಯಾವುದು ಅಂತ ಈಗ ನಂಗೇ ಅನುಮಾನ.

ವಾಪಸ್ ಬರೋಕೆ ಆಟೋ ಹೇಳಿಲ್ಲ. ಕಾರಿನ ಕೀ ಈ ಚೀಟಿ ಮೇಲೇ ಇದೆ. ಅದನ್ನ ಇಳಿಸಿ, ಇದನ್ನ ತಗೊಂಡು ಸಂಜೆ ಬನ್ನಿ. ಅಕ್ಕನ ಮನೆ ಗೇಟು ಪೂರ್ತಿ ತೆಗೆಸಿ ನಿಂತಿರ್ತೀನಿ.

ಶೋಭಾ