ಒದೆಯದ ಕೋವಿ

ಕೊಚೆವ್ಯೆ
ನವೆಂಬರ್ ೧೯

ಪ್ರೀತಿಯ ನೆಜ್ಕಾ ಅಕ್ಕ,

ನೀನು ಕಳಿಸಿದ ಅಂಜೂರ, ಆಲಿವ್ ಎಣ್ಣೆ ಎರಡೂ ಬಂದು ಎಷ್ಟೋ ದಿನವಾಯಿತು. ತಲುಪಿತು ಎಂದು ಒಂದು ಸಾಲನ್ನೂ ಬರೆಯಲಿಲ್ಲವೆಂದು ಸಿಟ್ಟಾಗಿರುತ್ತೀಯ. ಆಗು, ತಪ್ಪು ನನ್ನದೇ. ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು, ಸ್ವಲ್ಪ ಆರಲಿ ಎಂದು ಕಾದೆ. ಆರಲಿಲ್ಲ. ಮಗ ಗಾಶ್ಪರ್ ಹೇಗಿದ್ದಾನೆ ಎಂದು ಕೇಳಿದ್ದೆಯಲ್ಲ, ಅದನ್ನು ಕೊನೆಗೆ ಬರೆಯುತ್ತೇನೆ.

ನನ್ನ ಭುಜದ ಮೂಳೆ ಕೂಡಿಕೊಂಡಿದೆ, ಒಳಗಿನ ಲೋಹದ ಪಟ್ಟಿ ಮಾತ್ರ ಚಳಿಗೆ ಕೊರೆಯುತ್ತದೆ. ಅಪ್ಪನ ಹಳೆಯ ಕೋವಿಯನ್ನು ಇನ್ನು ಮುಟ್ಟಬೇಡಿ, ಗುಂಡು ಹಾರುವಾಗ ಅದು ಒಂದು ಸಲ ಹಿಂದಕ್ಕೆ ಒದ್ದರೆ ಮತ್ತೆ ಆಪರೇಷನ್ನೇ ಎಂದು ಡಾಕ್ಟರು ಬೇಸಿಗೆಯಲ್ಲೇ ಹೇಳಿದ್ದರು. ವಿಂಕೊನಿಗೆ ಅಷ್ಟೇ ಸಾಕಾಯಿತು. ಗಂಡನಾದರೇನು, ನಮ್ಮ ಬೇಟೆ ಸಂಘದ ಹಿರಿಯನೂ ಅವನೇ ತಾನೆ. ತುಂಬಿದ ಸಭೆಯಲ್ಲಿ ಎದ್ದು ನಿಂತ.

"ಈ ಸಲದ ಹಂದಿ ಬೇಟೇಲಿ ಮಾರ್ಯೆಟಾ ಒಂದನ್ನಾದ್ರೂ ಹೊಡೀಲಿ, ನೋಡೋಣ. ಇಲ್ದಿದ್ರೆ ಮುಂದಿನ ವರ್ಷದಿಂದ ಕೋವಿ ಬಿಟ್ಟು, ನಮಗೆಲ್ಲ ಮಾಂಸದ ಗೂಲಾಷ್ ಬೇಯಿಸೋ ಕಡಾಯಿ ಅವಳದು. ಅವಳ ಕೈರುಚಿ ಇನ್ಯಾರಿಗಿದೆ, ಹೇಳಿ?"

ಎಲ್ಲರೂ ನಕ್ಕರು. ಮದುವೆಗೂ ಮೊದಲಿನಿಂದ ಅವರ ಪಕ್ಕದಲ್ಲಿ ನಿಂತು ಹೊಡೆದವಳು ನಾನು.

ಹಾಗಾಗಿ ಒದೆಯದ ಕೋವಿ ಹುಡುಕಿಕೊಂಡು ಲ್ಯುಬ್ಲಿಯಾನಾಕ್ಕೆ ಹೋದೆ. ಅಂಗಡಿಯ ಬೊಕ್ಕತಲೆಯವನು ಹಕ್ಕಿಯಂತೆ ಹಗುರವಾದ ಒಂದನ್ನು ಕೈಗಿತ್ತು, ಹೆಂಗಸರಿಗೆಂದೇ ಮಾಡಿದ್ದು ಎಂದ. ಹೊರುವುದು ಕಾಲಿನ ಕಷ್ಟ, ಒದೆಸಿಕೊಳ್ಳುವುದು ಭುಜದ ಕಷ್ಟ. ಕೋವಿ ಹಗುರವಾದಷ್ಟೂ ಒದೆತ ಜಾಸ್ತಿ ಎಂದು ಅವನಿಗೆ ನಾನೇ ಹೇಳಬೇಕಾಯಿತು. ನಳಿಗೆಯ ತುದಿಗೆ ಏನನ್ನೋ ಸಿಕ್ಕಿಸಿದರೆ ಒದೆತ ಅರ್ಧವಾಗುತ್ತದೆ ಎಂದ. ಆದರೆ ಅದರಿಂದ ಹೆಚ್ಚುವ ಸದ್ದಿಗೆ ನಾಯಿಗಳ ಕಿವಿ ಹೋಗುತ್ತದೆ, ಬೇಡವೆಂದೆ. ಕೊನೆಗೆ ಮರದ ಹಿಡಿಯ ಭಾರವಾದ ಕೋವಿಯನ್ನೇ ಆರಿಸಿದೆ. ಅದಕ್ಕೆ ಆರೂವರೆ ಮಿಲಿಮೀಟರಿನ ಸ್ವೀಡನ್ ತೋಟಾ. ಹಿಡಿಯನ್ನು ನನ್ನ ತೋಳಿಗೆ ತಕ್ಕಂತೆ ಹೆಬ್ಬೆರಳಿನಷ್ಟು ಕತ್ತರಿಸಿ, ಹಿಂಬದಿಗೆ ದಪ್ಪ ರಬ್ಬರು ಹಾಕಿಸಿದೆ. ಗುರಿ ಹೊಡೆದು ನೋಡಿದರೆ ಕರು ಮೂತಿಯಿಂದ ತಳ್ಳಿದಂತಾಯಿತು, ಅಷ್ಟೇ. ಅಲ್ಲೇ ನಿಂತು ಅತ್ತುಬಿಟ್ಟೆ ಅಕ್ಕ, ಖುಷಿಗೆ.

ವಿಂಕೊ ಊಟದ ಮೇಜಿನಲ್ಲಿ ನನ್ನ ತೋಟಾವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಇದೇನೇ, ತೋಟಾನೋ ಬಾಲ್‌ಪೆನ್ನೋ? ಹಂದಿಗೆ ಕಾಗದ ಬರೀತೀಯಾ?" ಅವನ ಕೋವಿ ಕರಡಿಗೆ ಹೊಡೆಯುವಂಥದ್ದು. ಅದರ ಒದೆತಕ್ಕೆ ಹೆದರಿ ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಸಂಘಕ್ಕೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಕಳೆದ ಶನಿವಾರ ಬೇಟೆ. ನಾಯಿಗಳು ಎಬ್ಬಿಸಿದ ಗಂಡು ಹಂದಿ ನನ್ನ ಮುಂದೆಯೇ ಹಾದುಹೋಯಿತು. ಮುಂಗಾಲಿನ ಹಿಂದೆ, ಸರಿಯಾದ ಜಾಗಕ್ಕೇ ಹೊಡೆದೆ. ಅದು ತೂರಾಡುತ್ತ ವಿಂಕೊ ನಿಂತಿದ್ದ ಕಡೆಗೆ ಓಡಿತು, ಅವನೂ ಒಂದು ಗುಂಡು ಹಾರಿಸಿದ. ಅವನ ಗುಂಡು ಬಿದ್ದದ್ದು ಹಿಂಗಾಲಿಗೆ.

ಸಂಜೆ ಹಂದಿಗಳನ್ನು ಸಾಲಾಗಿ ಮಲಗಿಸಿ, ಬಾಯಿಗೆ ಹಸಿರೆಲೆಯ ಕಡ್ಡಿ ಇಟ್ಟು, ಕೊಂಬು ಊದಿದರು. ಪ್ರಾಣ ತೆಗೆದ ಮೊದಲ ಗುಂಡು ಯಾರದೋ ಬೇಟೆ ಅವರದು, ಟೋಪಿಗೆ ಸಿಕ್ಕಿಸುವ ಕಡ್ಡಿಯೂ ಅವರದೇ; ನಿನಗೂ ಅಪ್ಪ ಇದನ್ನೇ ಕಲಿಸಿದ್ದು. ಆ ದಿನದ ಬೇಟೆಯ ಮುಂದಾಳು ಮೊಣಕಾಲೂರಿ ನನ್ನ ಹಂದಿಯ ಕೂದಲು ಸರಿಸಿದ, ನನ್ನ ತೋಟಾದ ಸಣ್ಣ ತೂತು ನೋಡಿದ, ಹಿಂಗಾಲನ್ನೂ ನೋಡಿದ. ಎದ್ದು ರಕ್ತಕ್ಕೆ ಅದ್ದಿದ ಕಡ್ಡಿಯನ್ನು ವಿಂಕೊನ ಟೋಪಿಗೆ ಸಿಕ್ಕಿಸಿ ಕೈಕುಲುಕಿದ. ವಿಂಕೊ ಬೇಡವೆನ್ನಲಿಲ್ಲ. ತೂತು ಕಂಡವರೆಲ್ಲ ಬೂಟು ನೋಡುತ್ತ ನಿಂತಿದ್ದರು. ಆ ಜಾಗದಲ್ಲಿ ನಾನು ಬಾಯಿ ತೆರೆದಿದ್ದರೆ ಕಡ್ಡಿಗಾಗಿ ಜಗಳಕ್ಕೆ ಬಿದ್ದ ಹೆಂಗಸು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ಹೀಗೆ ಕಡಾಯಿ ನನ್ನ ಪಾಲಿಗೆ ಬಂತು. ಕೋವಿಗೆ ಎಣ್ಣೆ ಸವರಿ ಬೀರುವಿನಲ್ಲಿಟ್ಟಿದ್ದೇನೆ.

ನಿನ್ನ ಮಂಡಿ ನೋವು ಬೇಗ ಇಳಿಯಲಿ. ಮೊಮ್ಮಗಳಿಗೆ ನನ್ನ ಮುತ್ತು, ಆ ಮಗು ನೂರು ವರ್ಷ ಚೆನ್ನಾಗಿ ಬಾಳಲಿ.

ನಿನ್ನ ತಂಗಿ,
ಮಾರ್ಯೆಟಾ

ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ: ಆ ದಿನದ ಮುಂದಾಳು ಗಾಶ್ಪರ್. ನನ್ನ ಮಗನೇ. ಗುಂಡಿನ ತೂತು ನೋಡಿ ಕೋವಿ ಯಾವುದೆಂದು ಹೇಳುವುದನ್ನು ಅವನಿಗೆ ಕಲಿಸಿದವಳು ನಾನು. ಮನೆಗೆ ಬಂದಮೇಲೆ, ಯಾಕಪ್ಪಾ ಹೀಗೆ ಮಾಡಿದೆ ಎಂದು ಕೇಳಿದೆ. ಬೂಟು ಬಿಚ್ಚುತ್ತಲೇ ಹೇಳಿದ: "ಅಷ್ಟು ಜನರ ಮುಂದೆ ತಲೆ ತಗ್ಗಿಸಬೇಕಾಗಿ ಬಂದ್ರೆ ಅಪ್ಪ ತಡ್ಕೊಳಲ್ಲಮ್ಮ. ನೀನಾದ್ರೆ ತಡ್ಕೋತೀಯ." ನಾನು ತಡೆದುಕೊಳ್ಳುತ್ತೇನೆಂದು ಅವನಿಗೆ ಯಾರು ಹೇಳಿದರು ಅಕ್ಕ?