ಗೇಟಿನ ಮೇಲಿನ ಮುಖ

ತಂಗಿ ನೊಕ್ವೆಜಿ,

ಚೀನಾ ತಲುಪಿ ಹದಿನೈದು ದಿನವಾಯಿತು. ಲಿಂಡೆಲ್ವಾ ಇಂಗ್ಲಿಷ್ ಪಾಠ ಮಾಡುವ ಶಾಲೆಯ ಆವರಣದಲ್ಲೇ ಕೋಣೆ ಕೊಟ್ಟಿದ್ದಾರೆ. ಗೇಟಿನ ಮೇಲೆ ಇಂಗ್ಲಿಷ್ ಟೀಚರುಗಳ ದೊಡ್ಡ ಫೋಟೋಗಳಿವೆ. ನಮ್ಮ ಕಪ್ಪು ಹುಡುಗಿ ಲಿಂಡೆಲ್ವಾಳ ಹೆಸರಿನ ಮೇಲೆ ಯಾವಳೋ ಹೊಂಬಣ್ಣದ ಕೂದಲಿನ ಬಿಳಿ ಹುಡುಗಿ ನಗುತ್ತಿದ್ದಾಳೆ.

ಹೆಡ್‌ಮಿಸ್ ಚಿಯುಳನ್ನು ಕೇಳಿದೆ. "ಬೇಜಾರಾಗ್ಬೇಡಿ ಅಜ್ಜಿ, ಪಾಠ ನಿಮ್ಮ ಮಗಳದ್ದೇ. ಅಪ್ಪ ಅಮ್ಮಂದಿರು ಮುಖ ನೋಡಿ ಮಕ್ಕಳನ್ನ ಸೇರಿಸ್ತಾರೆ, ನಾನೇನ್ ಮಾಡ್ಲಿ?" ಎಂದು ನಕ್ಕು, ಕುಡಿಯಲು ಬಿಸಿನೀರು ಕೊಟ್ಟಳು. ನಾನು ಲೋಟ ಮುಟ್ಟಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಲಿಂಡೆಲ್ವಾ ನಮ್ಮ ಖೋಸಾ ಭಾಷೆಯಲ್ಲಿ, "ಅಮ್ಮಾ, ದಮ್ಮಯ್ಯ ಸುಮ್ನಿರು. ಕೆಲಸ ಹೋದ್ರೆ ವೀಸಾನೂ ಹೋಗುತ್ತೆ, ಇಬ್ರೂ ಗಂಟುಮೂಟೆ ಕಟ್ಬೇಕು" ಎಂದಳು. ನಮ್ಮೂರು ಕೋಮಾನಿಯಲ್ಲಿ ಚರ್ಚಿನ ಹಿರಿಯರ ಮುಂದೆಯೂ ಬಾಯಿ ಮುಚ್ಚದವಳು ಇಲ್ಲಿ ಮುಚ್ಚಿಕೊಂಡೆ.

ನನ್ನ ಮಂಡಿನೋವು ಕಡಿಮೆಯಾಗಿದೆ, ಔಷಧಿ ಕಳಿಸಬೇಡ.

ಇವತ್ತು ಪೋಷಕರು ತರಗತಿ ನೋಡಲು ಬರುವ ದಿನ. ಲಿಂಡೆಲ್ವಾಳಿಗೆ ರಜೆ ಕೊಟ್ಟು, ಹೊರಗೆ ಕಾಣಿಸಿಕೊಳ್ಳಬೇಡ ಎಂದಿದ್ದಾರೆ. ಆದರೂ ಎಂದಿನಂತೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಮಂಚದ ಮೇಲೆ ಕೂತಿದ್ದಾಳೆ. ಕಾರುಗಳು ಬರತೊಡಗಿವೆ. ಕಿಟಕಿಯ ಪರದೆಯನ್ನು ನಾನೇ ಎಳೆದು ಮುಚ್ಚಿದೆ.

ನಿನ್ನ ಅಕ್ಕ,
ನೊಸಾಂಟೊ