ನಾದಿನಿ ಕೇಳಿದ ಕೋಣೆ

ಮಂಗಳವಾರ, ಹನ್ನೊಂದನೇ ತಾರೀಕು. ರಾತ್ರಿ.

ನನ್ನ ನಾಲಿಗೆಗೆ ಇವತ್ತು ಏನು ಬಂದಿತ್ತೋ! ಬೆಳಿಗ್ಗೆ ನಾದಿನಿ ಬಂದಳು. ನನ್ನ ಹೊಲಿಗೆ ಅಂಗಡಿಯಾಗಿರುವ ಮುಂದಿನ ಕೋಣೆಯಲ್ಲೇ ಕುಳಿತು, ತಾನಾಗಿಯೇ ಒಂದು ಅಂಗಿಗೆ ಗುಂಡಿ ಹಚ್ಚುತ್ತಾ ಹೇಳಿದಳು: "ಅತ್ತಿಗೆ, ಅಪ್ಪ ಬಿಟ್ಟುಹೋದ ಮನೇಲಿ ನನಗೂ ಪಾಲಿದೆ. ಈ ಕೋಣೆ ಒಂದು ಕೊಟ್ಬಿಡಿ, ಸಾಕು. ಬಾಡಿಗೆ ಮನೆ ಬದಲಾಯಿಸಿ ಬದಲಾಯಿಸಿ ಸುಸ್ತಾಗಿದೆ."

ನಾನು ಕತ್ತರಿಯನ್ನೂ ಕೆಳಗಿಡಲಿಲ್ಲ. "ಮದುವೆ ಮಾಡಿ ಕಳಿಸಿದ ಮೇಲೆ ನಿಂದೇನಮ್ಮ ಇಲ್ಲಿ? ಬಂದಾಗ ಉಂಡು ಹೋಗು, ಯಾರು ಬೇಡ ಅಂದ್ರು?" ಅಂದುಬಿಟ್ಟೆ.

ನಮ್ಮ ಯಜಮಾನರು, ಅವಳ ಸ್ವಂತ ಅಣ್ಣ, ಕೆಡದೇ ಇರುವ ಫ್ಯಾನು ರಿಪೇರಿ ಮಾಡಲು ಸ್ಟೂಲು ಹತ್ತಿ ನಿಂತರು.

ಅವಳು ಗುಂಡಿ ಹಚ್ಚಿ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದಳು. "ನೀವು ತವರಲ್ಲಿ ಪಾಲು ಕೇಳೋಕೆ ಹೋದಾಗ ಜೊತೆಗೆ ಬಂದಿದ್ದು ನಾನೇ ಅಲ್ವಾ ಅತ್ತಿಗೆ?" ಅಂದಳು. ಜಗಳದ ದನಿಯೇ ಅಲ್ಲ. ಮರೆತವರಿಗೆ ನೆನಪಿಸುವ ದನಿ.

ಹೌದು, ಅವಳೇ. ಅವತ್ತು ನನ್ನ ಅಣ್ಣನ ಹೆಂಡತಿ ನನಗೆ ಹೇಳಿದ್ದೂ ಇವತ್ತು ನಾನಂದ ಇದೇ ಮಾತು, ಇದೇ ರಾಗ. "ಹುಟ್ಟಿದ ಮನೇಲಿ ಹೆಣ್ಣುಮಕ್ಕಳು ನೆಂಟರಾ?" ಎಂದು ನನ್ನ ಪರ ಕೇಳಿದವಳು ಇವಳು. ಆ ಪಾಲಿನಿಂದಲೇ ಈ ಅಂಗಡಿ.

ನಾಳೆ ಅವಳ ಮನೆಗೆ ಹೋಗಬೇಕು. ತಪ್ಪಾಯಿತು, ಕೋಣೆ ನಿನ್ನದೇ ಅನ್ನಬೇಕು. ಇಷ್ಟು ಬರೆದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ, ಹಿಂದಿನ ಕೋಣೆ ಕೊಟ್ಟರೆ ಒಪ್ಪುತ್ತಾಳೇನೋ ಎಂದು ಮನಸ್ಸು ಆಗಲೇ ಕೇಳುತ್ತಿದೆ. ಕಿಟಕಿಯೇ ಇಲ್ಲದ ಕೋಣೆ ಅದು. ಥೂ, ನಾನೂ ಒಬ್ಬಳು ಅತ್ತಿಗೆಯೇ!